ಅಮಾಸೆಬೈಲಿನ ಐದನೇ ಕ್ಲಾಸಿಗೆ ಸೈನಿಕ ಶಾಲೆ ಎಷ್ಟು ದೂರ?

ಕುಂದಾಪುರ ತಾಲ್ಲೂಕಿನ ಅಂಚಿನಲ್ಲಿ, ಘಟ್ಟದ ಬುಡಕ್ಕೆ ಒರಗಿಕೊಂಡಿರುವ ಅಮಾಸೆಬೈಲಿಗೆ ಸಮವಸ್ತ್ರ ಹೊಸತಲ್ಲ. ನಕ್ಸಲ್ ನಿಗ್ರಹ ಪಡೆಯವರ ಜೀಪು, ಬಂದೂಕು, ಕಾಡಿನ ಕೂಂಬಿಂಗ್ ಎಲ್ಲವನ್ನೂ ಈ ಸೀಮೆ ವರ್ಷಗಟ್ಟಲೆ ಕಂಡಿದೆ. ಎ. ಜಿ. ಕೊಡ್ಗಿಯವರ ಮುಂದಾಳುತನದಲ್ಲಿ ಮನೆಮನೆಗೆ ಸೋಲಾರ್ ದೀಪ ಹತ್ತಿದ ಊರೆಂದು ರಾಜ್ಯದಲ್ಲಿ ಹೆಸರೂ ಇದೆ. ಈ ಭಾಗದ ಹುಡುಗರು ಓದು ಮುಗಿಸಿ ಬೆಂಗಳೂರು, ಮುಂಬೈಗಳ ಹೋಟೆಲಿಗೆ, ಬ್ಯಾಂಕಿಗೆ, ಗಲ್ಫಿಗೆ ಹೋಗುತ್ತಾರೆ. ಮಿಲಿಟರಿಗೆ ಹೋಗುವವರೂ ಉಂಟು. ಆದರೆ ಮಿಲಿಟರಿ ಎಂದಕೂಡಲೇ ಹೆಚ್ಚಿನ ಮನೆಗಳಿಗೆ ನೆನಪಾಗುವುದು ಭರ್ತಿ ರ‍್ಯಾಲಿಯ ಓಟ. ಅಧಿಕಾರಿಯಾಗುವುದಕ್ಕೆ ಬೇರೆ ದಾರಿಯಿದೆ, ಅದರ ಮೊದಲ ಬಾಗಿಲು ಮಗು ಐದನೇ ಕ್ಲಾಸಿನಲ್ಲಿರುವಾಗಲೇ ತೆರೆಯುತ್ತದೆ ಎಂಬ ಸುದ್ದಿ ಊರಿಗೆ ತಲಪುವಷ್ಟರಲ್ಲಿ ಮಗು ಪಿಯುಸಿ ಮುಗಿಸಿರುತ್ತದೆ.

ಆ ಬಾಗಿಲಿನ ಹೆಸರು ಸೈನಿಕ ಶಾಲೆ.

ಯಾರ ಮಕ್ಕಳು ಅಧಿಕಾರಿಗಳಾದರು?

ಬ್ರಿಟಿಷರ ಕಾಲದಲ್ಲಿ ಸೇನೆಯ ಅಧಿಕಾರಿಯಾಗಲು ಮನೆತನವೇ ಮೊದಲ ಅರ್ಹತೆ. 1918ರ ಹೊತ್ತಿಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಯಲ್ಲಿ ಭಾರತೀಯರಿಗೆ ವರ್ಷಕ್ಕೆ ಹತ್ತು ಸೀಟು ಸಿಕ್ಕಿತು. ಅದಕ್ಕೆ ಆರಿಸುತ್ತಿದ್ದುದು ರಾಜಮನೆತನದವರನ್ನು, ಜಮೀನ್ದಾರರ ಮಕ್ಕಳನ್ನು, ಸರ್ಕಾರಕ್ಕೆ ನಿಷ್ಠೆ ತೋರಿದ ಕುಟುಂಬದವರನ್ನು. 1922ರಲ್ಲಿ ಡೆಹ್ರಾಡೂನಿನಲ್ಲಿ ಮಿಲಿಟರಿ ಕಾಲೇಜು ಶುರುವಾದದ್ದು ಇಂಥ ಮಕ್ಕಳನ್ನು ಸ್ಯಾಂಡ್‌ಹರ್ಸ್ಟ್‌ಗೆ ತಯಾರು ಮಾಡುವುದಕ್ಕೆ.

ಆ ಕಾಲದಲ್ಲಿ ಕನ್ನಡ ನಾಡಿನಿಂದ ಅಧಿಕಾರಿಗಳಾದವರಲ್ಲಿ ಕೊಡಗಿನ ಇಬ್ಬರು ಹೆಸರಾದವರು. ಕೆ. ಎಂ. ಕಾರ್ಯಪ್ಪನವರ ತಂದೆ ಕಂದಾಯ ಇಲಾಖೆಯಲ್ಲಿದ್ದವರು. ಮಗ ಮಡಿಕೇರಿಯಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ, ಇಂದೋರಿನಲ್ಲಿ ತರಬೇತಿ ಮುಗಿಸಿ 1919ರಲ್ಲಿ ಅಧಿಕಾರಿಯಾದರು. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಕೆ. ಎಸ್. ತಿಮ್ಮಯ್ಯನವರದು ಕಾಫಿ ತೋಟದ ಮನೆತನ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನ್, ಸ್ಯಾಂಡ್‌ಹರ್ಸ್ಟ್ ದಾಟಿ 1926ರಲ್ಲಿ ಅಧಿಕಾರಿಯಾಗಿ, 1957ರಲ್ಲಿ ಸೇನೆಯ ಮುಖ್ಯಸ್ಥರಾದರು. ಇಬ್ಬರ ಧೈರ್ಯ, ಯೋಗ್ಯತೆ ಪ್ರಶ್ನಾತೀತ. ಆದರೆ ಇಬ್ಬರ ಮನೆಯಲ್ಲೂ ಇಂಗ್ಲಿಷ್ ಇತ್ತು, ದೂರದ ಓದಿಗೆ ಕಳಿಸುವ ಅನುಕೂಲವಿತ್ತು.

1932ರಲ್ಲಿ ಡೆಹ್ರಾಡೂನಿನಲ್ಲಿ ಇಂಡಿಯನ್ ಮಿಲಿಟರಿ ಅಕಾಡೆಮಿ ಆರಂಭವಾದಾಗ ಬಾಗಿಲು ಸ್ವಲ್ಪ ಅಗಲವಾಯಿತು. ಮೊದಲ ತಂಡದ 40 ಮಂದಿಯಲ್ಲಿ 15 ಸೀಟು ಮುಕ್ತ ಪರೀಕ್ಷೆಗೆ, 15 ಸೇನೆಯೊಳಗಿಂದ ಬಂದವರಿಗೆ, 10 ಸಂಸ್ಥಾನಗಳ ಪಡೆಗಳಿಗೆ. ಪರೀಕ್ಷೆ ಮುಕ್ತವಾದರೂ ಅದಕ್ಕೆ ತಯಾರು ಮಾಡುವ ಒಳ್ಳೆಯ ಶಾಲೆಗಳು ಹಣವಂತರ ಕೈಯಲ್ಲೇ ಉಳಿದವು.

ಅಸಮತೋಲನಕ್ಕೆ ಮದ್ದು

ಸ್ವಾತಂತ್ರ್ಯ ಬಂದ ಮೇಲೂ ಅಧಿಕಾರಿಗಳು ಕೆಲವೇ ಪ್ರಾಂತಗಳಿಂದ, ಕೆಲವೇ ವರ್ಗಗಳಿಂದ ಬರುತ್ತಿದ್ದರು. ರಕ್ಷಣಾ ಸಚಿವರಾಗಿದ್ದ ವಿ. ಕೆ. ಕೃಷ್ಣ ಮೆನನ್ 1961ರಲ್ಲಿ ಸೈನಿಕ ಶಾಲೆಗಳ ಯೋಜನೆ ತಂದದ್ದು ಇದನ್ನು ಸರಿಪಡಿಸಲೆಂದೇ. ಪ್ರಾದೇಶಿಕ ಮತ್ತು ವರ್ಗ ಅಸಮತೋಲನ ನಿವಾರಣೆ ಎಂಬುದು ಶಾಲೆಗಳ ಉದ್ದೇಶಗಳಲ್ಲೇ ಸೇರಿದೆ. ಮೊದಲ ಶಾಲೆ ಸಾತಾರಾದಲ್ಲಿ. ಕರ್ನಾಟಕದ್ದು 1963ರ ಸೆಪ್ಟೆಂಬರ್‌ನಲ್ಲಿ ವಿಜಯಪುರದಲ್ಲಿ. 2007ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಎರಡನೆಯದು ಬಂತು. ಬೆಳಗಾವಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳ ಕಥೆ ಬೇರೆ: ಅವು ಹುಟ್ಟಿದ್ದೇ ಜವಾನರ ಮಕ್ಕಳಿಗಾಗಿ. ಹೆಚ್ಚಿನ ಸೀಟುಗಳು ಈಗಲೂ ಅವರಿಗೇ.

ಸೈನಿಕ ಶಾಲೆಯ ಪ್ರಾಂಶುಪಾಲರು ಸೇವೆಯಲ್ಲಿರುವ ಸೇನಾಧಿಕಾರಿ. ಪಾಠ ಸಿಬಿಎಸ್‌ಇ ಪಠ್ಯಕ್ರಮದ್ದು, ಇಂಗ್ಲಿಷ್ ಮಾಧ್ಯಮದಲ್ಲಿ. ಆರರಿಂದ ಹನ್ನೆರಡನೇ ತರಗತಿಯವರೆಗೆ ಮಕ್ಕಳು ಅಲ್ಲೇ ಉಳಿಯಬೇಕು. ಬೆಳಗಿನ ಪಿ.ಟಿ., ಆಟ, ಪರೇಡ್, ಎನ್‌ಸಿಸಿ ದಿನಚರಿಯ ಭಾಗ. ಸೀಟುಗಳಲ್ಲಿ ಶೇ 67 ಶಾಲೆಯಿರುವ ರಾಜ್ಯದ ಮಕ್ಕಳಿಗೆ. ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 7.5, ಹಿಂದುಳಿದ ವರ್ಗಗಳಿಗೆ ಶೇ 27 ಮೀಸಲಾತಿಯಿದೆ. ವಾರ್ಷಿಕ ಶುಲ್ಕ ಲಕ್ಷ ರೂಪಾಯಿ ದಾಟುತ್ತದೆ. ಕೂಲಿ ಮಾಡುವ ಮನೆಯವರಿಗೆ ಈ ಮೊತ್ತ ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಪೋಷಕರ ಆದಾಯ ನೋಡಿ ಸರ್ಕಾರ ವಿದ್ಯಾರ್ಥಿವೇತನ ಕೊಡುತ್ತದೆ ಎಂಬುದನ್ನು ಅದರ ಜೊತೆಗೇ ಹೇಳಬೇಕು.

ಕನ್ನಡದಲ್ಲೇ ಬರೆಯಬಹುದು

ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ವಯಸ್ಸು 10ರಿಂದ 12. ಒಟ್ಟು 125 ಪ್ರಶ್ನೆ, 300 ಅಂಕ. ಅದರಲ್ಲಿ ಅರ್ಧ, ಅಂದರೆ 150 ಅಂಕ, ಗಣಿತಕ್ಕೆ. ಉಳಿದದ್ದು ಸಾಮಾನ್ಯ ಜ್ಞಾನ, ಭಾಷೆ, ಬುದ್ಧಿಶಕ್ತಿಗೆ ತಲಾ 50. ಒಂಬತ್ತನೇ ತರಗತಿಗೂ ಪ್ರವೇಶ ಉಂಟು, ಆದರೆ ಆ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಮುಂದೆ ಅಧಿಕಾರಿಯಾಗಲು ಪಿಯುಸಿ ಹಂತದಲ್ಲಿ ಬರೆಯುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಷ್ಟೇ. ಹೀಗೆ ಕನ್ನಡ ಶಾಲೆಯ ಮಗುವಿಗೆ ತನ್ನ ಭಾಷೆಯಲ್ಲಿ ಸ್ಪರ್ಧಿಸಲು ಸಿಗುವುದು ಆರನೇ ತರಗತಿಯ ಪ್ರವೇಶದ ಹೊತ್ತಿನಲ್ಲಿ ಮಾತ್ರ.

ನಮ್ಮ ಕಡೆಯ ಶಿಕ್ಷಕರಿಗೆ ಇದು ಅಪರಿಚಿತ ಕೆಲಸವೇನಲ್ಲ. ಹೆಬ್ರಿ ಸಮೀಪದ ಚಾರದ ನವೋದಯ ವಿದ್ಯಾಲಯಕ್ಕೆಂದು ಐದನೇ ಕ್ಲಾಸಿನ ಮಕ್ಕಳನ್ನು ತಯಾರು ಮಾಡುವುದು ರೂಢಿಯಲ್ಲಿದೆ. ಅಲ್ಲೂ ಗಣಿತ, ಭಾಷೆ, ಬುದ್ಧಿಶಕ್ತಿಯ ಪ್ರಶ್ನೆಗಳೇ. ಅದೇ ಮಗು, ಅದೇ ವರ್ಷ, ಸಾಮಾನ್ಯ ಜ್ಞಾನವನ್ನಿಷ್ಟು ಸೇರಿಸಿಕೊಂಡರೆ ಎರಡನ್ನೂ ಬರೆಯಬಹುದು.

ಶಾಲೆ ದಾಟಿದ ಮೇಲೆ

ಸೈನಿಕ ಶಾಲೆಗೆ ಸೇರಿದರೆ ಅಧಿಕಾರಿ ಹುದ್ದೆ ಖಾತ್ರಿ ಎಂದುಕೊಳ್ಳಬಾರದು. ಎನ್‌ಡಿಎ ಸೇರಲು ಯುಪಿಎಸ್‌ಸಿಯ ಲಿಖಿತ ಪರೀಕ್ಷೆ ಪಾಸಾಗಬೇಕು, ಬಳಿಕ ಎಸ್‌ಎಸ್‌ಬಿ ಎಂಬ ಐದು ದಿನಗಳ ಆಯ್ಕೆ ಪರೀಕ್ಷೆ. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಒಂದೊಂದು ಪದಕ್ಕೆ 15 ಸೆಕೆಂಡಿನಂತೆ 60 ಪದಗಳಿಗೆ ತೋಚಿದ್ದನ್ನು ಬರೆಯಬೇಕು, ಚಿತ್ರ ನೋಡಿ ಕಥೆ ಕಟ್ಟಬೇಕು, ಗುಂಪಿನಲ್ಲಿ ಚರ್ಚಿಸಬೇಕು, ಹಲಗೆ, ಹಗ್ಗ, ಡ್ರಮ್ಮುಗಳಲ್ಲಿ ದಾರಿ ಮಾಡಿಕೊಂಡು ತಂಡವನ್ನು ಅಡ್ಡಿ ದಾಟಿಸಬೇಕು. ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ನಡೆದ ಮಗುವಿಗೆ ಹಗ್ಗ, ಹಲಗೆ ಹೆದರಿಕೆ ಹುಟ್ಟಿಸಲಾರವು. ಅಪರಿಚಿತರ ಎದುರು ಇಂಗ್ಲಿಷಿನಲ್ಲಿ ತನ್ನ ಅಭಿಪ್ರಾಯ ಮಂಡಿಸುವುದೇ ಕಷ್ಟ. ಸೇನಾಧಿಕಾರಿಗಳ ಮಕ್ಕಳು ಈ ರೀತಿನೀತಿಯನ್ನು ಊಟದ ಮೇಜಿನಲ್ಲೇ ಕಲಿತಿರುತ್ತಾರೆ. ಅದು ಇಲ್ಲದ ಮಕ್ಕಳಿಗೆ ಏಳು ವರ್ಷಗಳಲ್ಲಿ ಅದನ್ನೇ ಕಲಿಸಿಕೊಡುವುದು ಸೈನಿಕ ಶಾಲೆಯ ನಿಜವಾದ ಉಪಕಾರ.

ಹೆಣ್ಣುಮಕ್ಕಳ ವಿಷಯದಲ್ಲಿ ಬಾಗಿಲು ತಡವಾಗಿ ತೆರೆಯಿತು. ಕಿತ್ತೂರಿನಲ್ಲಿ 1969ರಿಂದಲೇ ಬಾಲಕಿಯರ ಸೈನಿಕ ಶಾಲೆಯಿದೆ. ಆದರೆ ಹುಡುಗಿಯರು ಎನ್‌ಡಿಎ ಪರೀಕ್ಷೆಗೆ ಕೂರಲು 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶವೇ ಬೇಕಾಯಿತು. ಎನ್‌ಡಿಎಯಿಂದ ಮೊದಲ 17 ಯುವತಿಯರು ಹೊರಬಂದದ್ದು 2025ರ ಮೇ ತಿಂಗಳಲ್ಲಿ. ಸೈನಿಕ ಶಾಲೆಗಳೂ ಈಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತವೆ.

ಐದನೇ ಕ್ಲಾಸಿನ ಅವಕಾಶ ತಪ್ಪಿದವರು ಕೈಚೆಲ್ಲಬೇಕಿಲ್ಲ. ಪದವಿಯ ಜೊತೆ ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟ್ ಒಳ್ಳೆಯ ಗ್ರೇಡಿನಲ್ಲಿ ಪಡೆದವರು ಲಿಖಿತ ಪರೀಕ್ಷೆಯಿಲ್ಲದೆ ನೇರ ಎಸ್‌ಎಸ್‌ಬಿಗೆ ಹೋಗುವ ವ್ಯವಸ್ಥೆಯಿದೆ. ಜವಾನನಾಗಿ ಸೇರಿದವನೂ ಪರೀಕ್ಷೆ ಬರೆದು ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನ ಮೂಲಕ ಅಧಿಕಾರಿಯಾಗಬಹುದು. ಎನ್‌ಡಿಎಯಲ್ಲಿ ತರಬೇತಿ, ಊಟ, ವಸತಿಯ ಖರ್ಚು ಸರ್ಕಾರದ್ದು. ಆ ಹಂತ ತಲಪಿದವರಿಗೆ ಬಡತನ ದೊಡ್ಡ ಅಡ್ಡಿಯಾಗದು, ಅಲ್ಲಿಗೆ ತಲಪುವವರೆಗೆ ಮಾತ್ರ ಅದು ಅಡ್ಡಿಯೇ.

ಆರನೇ ತರಗತಿಯ ಪ್ರವೇಶಕ್ಕೆ ಸಾಮಾನ್ಯವಾಗಿ ಮಳೆಗಾಲ ಮುಗಿದ ಮೇಲೆ ಅರ್ಜಿ ಕರೆಯುತ್ತಾರೆ. ಅಮಾಸೆಬೈಲು, ಸಿದ್ದಾಪುರ, ಶಂಕರನಾರಾಯಣ, ಹಳ್ಳಿಹೊಳೆಯ ಶಾಲೆಗಳ ಮೇಷ್ಟ್ರುಗಳೇ, ಟೀಚರುಗಳೇ, ಈ ಸಲ ಐದನೇ ಕ್ಲಾಸಿನ ಪೋಷಕರ ಸಭೆಯಲ್ಲಿ ನವೋದಯದ ಜೊತೆಗೆ ಸೈನಿಕ ಶಾಲೆಯ ಹೆಸರನ್ನೂ ಹೇಳಿ. ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬೇಕಾದ್ದರಿಂದ, ತುಂಬಿಸಿಕೊಡಲು ಊರಿನ ಓದಿದ ಹುಡುಗರನ್ನು ಜೊತೆಗೆ ಕರೆದುಕೊಳ್ಳಿ.