ನೀರು ಕುಡಿಯುವ ಮೊಟ್ಟೆ

ಭರಣಿ, ಕೃತ್ತಿಕೆ ಮಳೆ ಎರಡು ಹದ ಬಿದ್ದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಸಸಿ ಹೊಲಕ್ಕಿಳಿಯುತ್ತದೆ. ಅದೇ ಹದಕ್ಕೆ ಕಾಯುವ ಇನ್ನೊಂದು ಜೀವ ಬದುವಿನ ಬೇಲಿಯಲ್ಲಿರುತ್ತದೆ. ಹೊಟ್ಟೆ ಉಬ್ಬಿದ ಹೆಣ್ಣು ಓತಿಕ್ಯಾತ ಕೆಳಗಿಳಿದು ನೆನೆದ ಮಣ್ಣನ್ನು ಮುಂಗಾಲಿನಿಂದ ಕೆರೆದು, ಸಣ್ಣ ಗುಂಡಿಯಲ್ಲಿ ಹತ್ತಿಪ್ಪತ್ತು ಬಿಳಿ ಮೊಟ್ಟೆ ಇಡುತ್ತದೆ. ಮಣ್ಣು ಮುಚ್ಚಿ, ಮೂತಿಯಲ್ಲಿ ಒತ್ತಿ ಗಟ್ಟಿಮಾಡಿ ಹೊರಟುಹೋಗುತ್ತದೆ. ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಶಾಖಕ್ಕೆ ತಕ್ಕಂತೆ ಆರೇಳು ವಾರವೋ ಇನ್ನೂ ಹೆಚ್ಚೋ ಕಳೆದ ಮೇಲೆ ಮರಿಗಳು ಮಣ್ಣು ಸೀಳಿಕೊಂಡು ಬರುತ್ತವೆ.

ಮೊಟ್ಟೆಯನ್ನು ಮರಿಯಾಗಿಸುವ ಮಣ್ಣಿನ ಈ ಕೆಲಸವನ್ನು ಪ್ರಯೋಗಾಲಯದಲ್ಲೋ ಮೃಗಾಲಯದಲ್ಲೋ ಒಂದು ಡಬ್ಬಿಯೊಳಗೆ ಮಾಡಹೊರಟರೆ ನಮ್ಮನ್ನು ಮೊದಲು ದಾರಿ ತಪ್ಪಿಸುವುದು ಕೋಳಿ. ಮೊಟ್ಟೆಗೆ ಕಾವು ಕೊಡುವುದೆಂದರೆ ನಮ್ಮ ತಲೆಯಲ್ಲಿ ಕೂತಿರುವುದು ಹೇಟೆಯ ಚಿತ್ರ: ಬಿಸಿ ಕೊಡು, ದಿನಕ್ಕೆ ನಾಲ್ಕು ಸಲ ಹೊರಳಿಸು, ಇಪ್ಪತ್ತೊಂದನೆಯ ದಿನ ಮರಿ. ಓತಿಯ ಮೊಟ್ಟೆಗೆ ಇದರಲ್ಲಿ ಒಂದೂ ಹೊಂದುವುದಿಲ್ಲ. ಕೋಳಿ ತನ್ನ ಮರಿಗೆ ಬೇಕಾದ ನೀರನ್ನೆಲ್ಲ ಮೊಟ್ಟೆಯೊಳಗೇ ಕಟ್ಟಿ ಕಳುಹಿಸುತ್ತದೆ. ಕಾವಿನ ಮೂರು ವಾರದಲ್ಲಿ ಆ ಮೊಟ್ಟೆ ನೀರು ಕಳೆದುಕೊಂಡು ನೂರಕ್ಕೆ ಹನ್ನೆರಡು ಹದಿಮೂರು ಪಾಲು ಹಗುರಾಗುತ್ತದೆ, ಆಗಲೇಬೇಕು. ಓತಿಯ ಮೊಟ್ಟೆ ಭಾರವಾಗುತ್ತಾ ಹೋಗುತ್ತದೆ. ಅದರ ಚಿಪ್ಪು ಸುಣ್ಣದ ಗಟ್ಟಿ ಗೋಡೆಯಲ್ಲ, ತೊಗಲಿನಂಥ ಮೆತ್ತನೆಯ ಪೊರೆ. ಸುತ್ತಲ ಮಣ್ಣಿನಿಂದ ನೀರು ಹೀರಿ ಮರಿ ಹೊರಬರುವ ಹೊತ್ತಿಗೆ ತೂಕ ದುಪ್ಪಟ್ಟಾಗುವುದುಂಟು. ಹಾಗಾಗಿ ಕೃತಕ ಕಾವಿನಲ್ಲಿ ಸೋತವರ ಕತೆ ಕೇಳಿದರೆ ಶಾಖಕ್ಕಿಂತ ಹೆಚ್ಚಾಗಿ ನೀರಿನಲ್ಲೇ ಎಡವಿರುತ್ತಾರೆ ಎಂಬುದು ನನ್ನ ಎಣಿಕೆ. ದೀಪ, ಥರ್ಮೋಸ್ಟಾಟ್ ಎಲ್ಲಕ್ಕೂ ದುಡ್ಡು ಸುರಿದು, ಮೊಟ್ಟೆಯ ಕೆಳಗೆ ಹಾಕುವ ಹಾಸಿನ ವಿಷಯದಲ್ಲಿ ಮಾತ್ರ ಅಂದಾಜಿಗೆ ಬಿಟ್ಟಿರುತ್ತಾರೆ.

ಹಾಸಿನಲ್ಲಿ ಎಷ್ಟು ನೀರಿದೆ ಎನ್ನುವುದಲ್ಲ ಪ್ರಶ್ನೆ. ಆ ನೀರನ್ನು ಹಾಸು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಎನ್ನುವುದು. ಹುಣಸೂರಿನ ಮರಳುಮಿಶ್ರಿತ ಕೆಮ್ಮಣ್ಣಿಗೂ ಹೆಗ್ಗಡದೇವನಕೋಟೆ ಕಡೆ ಹತ್ತಿ ಬೆಳೆಯುವ ಎರೆಮಣ್ಣಿಗೂ ತೂಕಕ್ಕೆ ತಕ್ಕಂತೆ ಸಮನಾಗಿ ನೀರು ಬೆರೆಸಿ ನೋಡಿ. ಕೆಮ್ಮಣ್ಣು ತೊಯ್ದಿರುತ್ತದೆ, ಮೊಟ್ಟೆ ಸಲೀಸಾಗಿ ಹೀರುತ್ತದೆ. ಎರೆಮಣ್ಣಿನ ನುಣುಪು ಕಣಗಳು ಅಷ್ಟೇ ನೀರನ್ನು ಕಚ್ಚಿ ಹಿಡಿದಿರುವುದರಿಂದ ಪಕ್ಕದಲ್ಲೇ ಮೊಟ್ಟೆ ಒಣಗಿ ಕುಳಿ ಬೀಳಬಹುದು. ವಿಜ್ಞಾನಿಗಳು ಈ ಬಿಗಿತವನ್ನೇ ಅಳೆದು ಲೆಕ್ಕ ಇಡುತ್ತಾರೆ. ಈ ತಾಪತ್ರಯ ತಪ್ಪಿಸಿಕೊಳ್ಳಲೆಂದೇ ಪ್ರಪಂಚದ ಅನೇಕ ಪ್ರಯೋಗಾಲಯಗಳು ವರ್ಮಿಕ್ಯುಲೈಟ್ ಎಂಬ, ಕಾಗೆಬಂಗಾರದ ಜಾತಿಯ ಖನಿಜವನ್ನು ಕಾಯಿಸಿ ಉಬ್ಬಿಸಿದ ಹರಳನ್ನು ಬಳಸುತ್ತವೆ. ಅದಕ್ಕೆ ಸಮತೂಕ ನೀರು ಬೆರೆಸುವುದು ರೂಢಿ. ಟ್ರೇಯಲ್ಲಿ ಹೊಗೆಸೊಪ್ಪಿನ ಸಸಿ ಎಬ್ಬಿಸುವವರ ಮನೆಯಲ್ಲಿರುವ ತೆಂಗಿನ ನಾರಿನ ಪುಡಿಯೂ ನಡೆಯುತ್ತದೆ. ಮುಷ್ಟಿ ಕಟ್ಟಿ ಹಿಂಡಿದರೆ ಹನಿ ತೊಟ್ಟಿಕ್ಕಬಾರದು, ಬಿಟ್ಟರೆ ಉಂಡೆ ಪುಡಿಯಾಗಬಾರದು. ನೀರು ಹೆಚ್ಚಾದರೂ ಕೇಡೇ. ಮೊಟ್ಟೆ ಪೊರೆಯ ಮೂಲಕ ಉಸಿರಾಡುತ್ತದೆ. ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ಗದ್ದೆಗೆ ನೀರು ಕಟ್ಟಿದಾಗ ತಗ್ಗು ಬದುವಿನಲ್ಲಿರುವ ಮೊಟ್ಟೆಗಳು ಉಸಿರುಕಟ್ಟಿ ಸಾಯುವುದು ಹೀಗೆಯೇ.

ಹೊಗೆಸೊಪ್ಪು ಬೇಯಿಸುವ ರೈತರಿಗೆ ಇದು ಬೇಗ ಅರ್ಥವಾದೀತು. ಬ್ಯಾರನ್ ಎಂಬ ಬೇಯಿಸುವ ಮನೆಯೊಳಗೆ ತೂಗುವ ಎರಡು ಥರ್ಮಾಮೀಟರುಗಳಲ್ಲಿ ಒಂದು ಒಣದು, ಇನ್ನೊಂದಕ್ಕೆ ಒದ್ದೆ ಬತ್ತಿ. ಎರಡರ ನಡುವಣ ಅಂತರ ನೋಡಿಕೊಂಡೇ ಕಿಂಡಿ ತೆಗೆಯುವುದು, ಮುಚ್ಚುವುದು. ಶಾಖ ಸರಿಯಿದ್ದು ಪಸೆ ತಪ್ಪಿದರೆ ಎಲೆಯ ಬಣ್ಣ ಕೆಡುತ್ತದೆಂಬುದು ಅವರಿಗೆ ಹರಾಜು ಕಟ್ಟೆಯಲ್ಲಿ ಬೆಲೆಯಾಗಿ ಗೊತ್ತು. ಆದರೆ ಬ್ಯಾರನ್ ಬುದ್ಧಿಯನ್ನು ಹಾಗೆ ಹಾಗೆಯೇ ತಂದರೂ ಆಗದು. ಮುಚ್ಚಿದ ಡಬ್ಬಿಯಲ್ಲಿ ಗಾಳಿಯ ತೇವ ಯಾವಾಗಲೂ ನೂರರ ಹತ್ತಿರವೇ ಇರುತ್ತದೆ, ಹಾಸು ಒಣಗುತ್ತಾ ಬಂದರೂ ಮೀಟರು ಸುಳಿವು ಕೊಡುವುದಿಲ್ಲ. ಮೊಟ್ಟೆ, ಹಾಸು ಸಮೇತ ಡಬ್ಬಿಯನ್ನು ತೂಗಿ, ಕಳೆದ ವಾರಕ್ಕಿಂತ ಎಷ್ಟು ಕಡಿಮೆಯಾಗಿದೆಯೋ ಅಷ್ಟು ನೀರನ್ನು ಅಂಚಿನಲ್ಲಿ ಬಿಡುವುದು ಮೀಟರಿಗಿಂತ ನಂಬುವಂಥ ಕ್ರಮ. ಮುಚ್ಚಳ ತೆಗೆದಾಗ ಹೊಸ ಗಾಳಿಯೂ ಒಳಗೆ ಹೋಗುತ್ತದೆ.

ಮನೆಯ ಹಲ್ಲಿಗೆ ಈ ಯಾವ ರಗಳೆಯೂ ಇಲ್ಲ. ಅದು ಇಡುವ ಎರಡು ಮೊಟ್ಟೆ ಹೊರಬರುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಸುಣ್ಣದ ಚಿಪ್ಪಾಗಿ ಗಟ್ಟಿಯಾಗುತ್ತವೆ. ನೀರು ಒಳಗೇ ಇದೆ. ಟ್ಯೂಬ್‌ಲೈಟ್ ಪಟ್ಟಿಯ ಹಿಂದೆ, ದೇವರ ಪಟದ ಸಂದಿಯಲ್ಲಿ ಒಣ ಜಾಗದಲ್ಲೇ ಅವು ಮರಿಯಾಗುತ್ತವೆ. ಹಲ್ಲಿ ಜಗತ್ತಿನ ಮೂಲೆ ಮೂಲೆಗೆ ಸಾಮಾನಿನ ಪೆಟ್ಟಿಗೆಗಳೊಡನೆ ಹಬ್ಬುವುದಕ್ಕೆ ಈ ಚಿಪ್ಪಿನ ನೆರವೂ ಇದೆ.

ಇನ್ನು ಹೊರಳಿಸುವ ವಿಷಯ. ಕೋಳಿ ಮೊಟ್ಟೆ ಇಟ್ಟಾಗ ಒಳಗಿರುವುದು ಜೀವಕೋಶಗಳ ಒಂದು ಚುಕ್ಕೆ. ತಂಪಾಗಿಟ್ಟರೆ ನಾಲ್ಕಾರು ದಿನ ಸುಮ್ಮನಿರುತ್ತದೆ. ಓತಿಯ ಮೊಟ್ಟೆ ಮಣ್ಣಿಗೆ ಬೀಳುವ ಹೊತ್ತಿಗೇ ಭ್ರೂಣದ ಗುಂಡಿಗೆ ಮಿಡಿಯುತ್ತಿರುತ್ತದೆ, ಬೆಳವಣಿಗೆಯ ಸುಮಾರು ಮೂರನೇ ಒಂದು ಪಾಲು ತಾಯಿಯ ಒಡಲಲ್ಲೇ ಮುಗಿದಿರುತ್ತದೆ. ಹಕ್ಕಿಯ ಮೊಟ್ಟೆಯಲ್ಲಿ ಹಳದಿಯನ್ನು ಎರಡು ಕಡೆ ಹಿಡಿದಿಡುವ ತಿರುಚಿದ ದಾರಗಳೂ ಇಲ್ಲಿಲ್ಲ. ಭ್ರೂಣದ ಪೊರೆಗಳು ಚಿಪ್ಪಿಗೆ ಅಂಟಿ ಬೆಳೆಯುವುದರಿಂದ ತಲೆಕೆಳಗು ಮಾಡಿದರೆ ಹರಿಯುವ ಅಪಾಯ. ಆಮೆ, ಮೊಸಳೆಗಳಲ್ಲಿ ಇದು ತೀರಾ ಕಟ್ಟುನಿಟ್ಟು, ಹಲ್ಲಿ ಓತಿಗಳಲ್ಲಿ ಒಂದಿಷ್ಟು ಸಡಿಲ. ಆದರೂ ಅನುಭವಸ್ಥರು ಸೀಸದ ಕಡ್ಡಿಯಿಂದ ಮೇಲ್ಭಾಗಕ್ಕೆ ಗುರುತು ಹಾಕಿ ಇದ್ದ ಹಾಗೇ ಎತ್ತಿಡುತ್ತಾರೆ. ಬೂಷ್ಟು ಹಿಡಿದ ಮೊಟ್ಟೆ ಕಂಡೊಡನೆ ಗಾಬರಿಬಿದ್ದು ಎಸೆಯುವುದೂ ಬೇಡ. ಬೂಷ್ಟು ಸಾಮಾನ್ಯವಾಗಿ ಸತ್ತ ಮೊಟ್ಟೆಯನ್ನು ಹುಡುಕಿಕೊಂಡು ಬರುತ್ತದೆ. ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದಾಗ ಕೆಂಪು ನರದ ಬಲೆ ಕಂಡರೆ ಒಳಗೆ ಜೀವವಿದೆ.

ಓತಿಯ ಮೊಟ್ಟೆಯ ಮೇಲಿನ ಒಳ್ಳೆಯ ಕೆಲಸ ನಡೆದದ್ದು ನಮ್ಮ ರಾಜ್ಯದಲ್ಲೇ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಶ್ರೀನಿವಾಸ ಸೈದಾಪುರ, ಭಾಗ್ಯಶ್ರೀ ಶಾನಭಾಗ, ರಾಜಕುಮಾರ ರಡ್ಡೇರ ಮೊದಲಾದವರು ಕಾವಿನ ಶಾಖ, ಹಾಸು ಎರಡೂ ಮೊಟ್ಟೆಯನ್ನು ಹೇಗೆ ತಟ್ಟುತ್ತವೆಂದು ಪರೀಕ್ಷಿಸಿದರು. ಅದಕ್ಕಿಂತ ಬೆರಗಿನದು ತಾಯಿಯ ಬಗ್ಗೆ ಅವರು ಕಂಡದ್ದು. ಸೆರೆಯಲ್ಲಿಟ್ಟ ಹೆಣ್ಣಿಗೆ ಮೊಟ್ಟೆಯಿಡಲು ತಕ್ಕ ನೆಲ ಕೊಡದಿದ್ದರೆ ಅದು ಮೊಟ್ಟೆಗಳನ್ನು ಅಂಡನಾಳದಲ್ಲೇ ತಡೆಹಿಡಿಯುತ್ತದೆ, ಭ್ರೂಣಗಳು ಒಂದು ಹಂತಕ್ಕೆ ಬಂದು ಬೆಳವಣಿಗೆ ನಿಲ್ಲಿಸುತ್ತವೆ. ತಾಯಿಯ ಮೈಶಾಖ ಇಳಿದಿರುವುದು ಈ ನಿಲುಗಡೆಗೆ ಕಾರಣವೆಂದು 2003ರಲ್ಲಿ ಅವರು ಪ್ರಕಟಿಸಿದರು. ಮುಂಗಾರು ಕೈಕೊಟ್ಟ ವರ್ಷ ರೈತ ಸಸಿಮಡಿಯಲ್ಲೇ ಸಸಿ ಉಳಿಸಿಕೊಂಡು ಮುಗಿಲು ನೋಡುವಾಗ, ಬೇಲಿಯ ಮೇಲಿನ ಆ ಹೆಣ್ಣಿನ ಲೆಕ್ಕಾಚಾರವೂ ಬೇರೆಯದಲ್ಲ.

ಶಾಖದ ಮಾತು ಕೊನೆಗಿಟ್ಟುಕೊಂಡದ್ದಕ್ಕೆ ಕಾರಣವಿದೆ. ಮೊಟ್ಟೆ ಒಡೆಯುತ್ತದೋ ಇಲ್ಲವೋ ಎಂಬುದಷ್ಟೇ ಅದರ ಕೈಯಲ್ಲಿಲ್ಲ, ಒಳಗಿರುವುದು ಗಂಡೋ ಹೆಣ್ಣೋ ಎಂಬುದೂ ಇದೆ. 1966ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಮ್ಯಾಡ್ಲಿನ್ ಶಾರ್ನಿಯೆ ಎಂಬ ವಿಜ್ಞಾನಿ ನಮ್ಮ ಓತಿಕ್ಯಾತನ ಕುಟುಂಬಕ್ಕೇ ಸೇರಿದ ಅಗಾಮ ಓತಿಯಲ್ಲಿ ಇದನ್ನು ಮೊದಲು ಗುರುತಿಸಿದರು. ವಿದೇಶಗಳಲ್ಲಿ ಸಾಕುವ ಚಿರತೆ ಹಲ್ಲಿಯ ಮೊಟ್ಟೆಗಳನ್ನು 26 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಹೆಣ್ಣು, 32.5ರಲ್ಲಿ ಬಹುಪಾಲು ಗಂಡು, 34ಕ್ಕೇರಿಸಿದರೆ ಮತ್ತೆ ಹೆಣ್ಣು. ಕಬಿನಿ, ಕಾವೇರಿಯಲ್ಲಿರುವ ನಮ್ಮ ಮೊಸಳೆಯ ಮೊಟ್ಟೆಗಳ ಮೇಲೆ ಮದ್ರಾಸ್ ಮೊಸಳೆ ಬ್ಯಾಂಕಿನಲ್ಲಿ ನಡೆದ ಅಧ್ಯಯನದಲ್ಲಿ 28ರಿಂದ 31ರವರೆಗೆ ಹೆಣ್ಣೇ ಬಂದು, 32.5ರಲ್ಲಿ ಗಂಡು ಬಂದವು. ಥರ್ಮೋಸ್ಟಾಟನ್ನು ಒಂದೇ ಗೆರೆಗೆ ತಿರುಗಿಸಿಟ್ಟು, ನೂರಕ್ಕೆ ನೂರು ಮರಿ ಬಂತೆಂದು ಬೀಗುವ ಸಂರಕ್ಷಣಾ ಕೇಂದ್ರ ಒಂದೇ ಲಿಂಗದ ಹಿಂಡನ್ನು ಕೆರೆಗೆ ಬಿಡಬಹುದು.

ಓತಿಕ್ಯಾತದ್ದು ಇನ್ನೂ ಸೊಗಸಾದ ತಗಾದೆ. ಅದಕ್ಕೆ ಗುರುತಿಸಬಹುದಾದ ಲಿಂಗ ವರ್ಣತಂತುಗಳಿಲ್ಲ. 1995ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಗಣೇಶ್ ಮತ್ತು ರಾಜೀವ ರಾಮನ್ ಶಾಖಕ್ಕೆ ಇದರ ಲಿಂಗ ಬಗ್ಗುವುದಿಲ್ಲ, ಟೆಸ್ಟೊಸ್ಟಿರೋನ್ ಹಾರ್ಮೋನಿಗೆ ಬಗ್ಗುತ್ತದೆ ಎಂದರು. 2012ರಲ್ಲಿ ಲಕ್ಷ್ಮಿ ಇನಾಮದಾರ್ ದೊಡ್ಡಮನಿ, ವಿ. ವಾಣಿ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಬಿ. ಶೇಷಗಿರಿ ಬೇರೆಯೇ ಚಿತ್ರ ಕೊಟ್ಟರು: ಶಾಖ ಏರುತ್ತಾ ಹೋದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು, ಹೀಗೆ ನಾಲ್ಕು ಮಜಲು. ಇಂಥ ಏರಿಳಿತವಿರುವ ಜೀವಿಯನ್ನು ಎರಡು ಮೂರು ಶಾಖಗಳಲ್ಲಷ್ಟೇ ಪರೀಕ್ಷಿಸಿದರೆ ಏನೂ ಇಲ್ಲವೆಂದೇ ಕಾಣುವುದು ಸಹಜ. ನನಗಂತೂ ಎರಡನೆಯ ಚಿತ್ರ ಹೆಚ್ಚು ಮನಸ್ಸಿಗೆ ಬರುತ್ತದೆ. ಒಂದು ಮಾತು ಮಾತ್ರ ಮರೆಯಬಾರದು: ಯಂತ್ರದ ಶಾಖ ಕದಲುವುದಿಲ್ಲ, ಬದುವಿನ ಮಣ್ಣು ಹಗಲು ಕಾದು ರಾತ್ರಿ ತಣಿಯುತ್ತದೆ, ಗುಂಡಿ ಎರಡು ಬೆರಳು ಆಳವಾದರೆ, ಮೇಲೊಂದು ಲಂಟಾನ ಪೊದೆಯ ನೆರಳಿದ್ದರೆ ಲೆಕ್ಕ ಬದಲಾಗುತ್ತದೆ.

ಇಷ್ಟು ಓದಿ ಡಬ್ಬಿ ಹುಡುಕಹೊರಟವರಿಗೆ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಾಣಿ ಎಂಬುದರ ವ್ಯಾಖ್ಯೆಯಲ್ಲೇ ಸರೀಸೃಪಗಳ ಮೊಟ್ಟೆಯನ್ನೂ ಸೇರಿಸಿದೆ. ಉಡ ಮೊದಲ ಅನುಸೂಚಿಯ ಪ್ರಾಣಿ. ಅದರ ಮೊಟ್ಟೆ ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸುವುದೊಂದೇ ದಾರಿ. ಬದು ಕಡಿಯುವಾಗ ಗುದ್ದಲಿಗೆ ಓತಿಯ ಮೊಟ್ಟೆ ಸಿಕ್ಕಿದರೆ ಮಗ್ಗುಲು ಬದಲಿಸದೆ ಎತ್ತಿ, ಪಕ್ಕದಲ್ಲೇ ಅಷ್ಟೇ ಆಳದ ತೇವದ ಮಣ್ಣಿನಲ್ಲಿ, ನೀರು ನಿಲ್ಲದ ಕಡೆ ಇಟ್ಟು ಮುಚ್ಚಿದರೆ ಸಾಕು. ಬೆಳೆಯ ಹುಳು ತಿನ್ನುವ ಈ ಪ್ರಾಣಿಯನ್ನು ರಕ್ತ ಹೀರುತ್ತದೆಂದು ಕಲ್ಲು ಬೀರಿ ಕೊಲ್ಲುವ ಹುಡುಗರ ಕಣ್ಣೆದುರೇ ಈ ಕೆಲಸ ಮಾಡಿ ತೋರಿಸಬಹುದು.

ಅನುಮತಿ ಪಡೆದು ಮರಿ ಮಾಡುವವರ ತಾಳ್ಮೆ ಪರೀಕ್ಷೆಯಾಗುವುದು ಕೊನೆಯ ದಿನ. ಮೊಟ್ಟೆ ಬೆವರಿದಂತಾಗಿ ಸ್ವಲ್ಪ ಕುಸಿಯುತ್ತದೆ. ಮರಿ ತನ್ನ ಮೂತಿಯ ತುದಿಯ ಹಲ್ಲಿನಿಂದ ಪೊರೆ ಕೊಯ್ಯುತ್ತದೆ. ಕೋಳಿಮರಿಯ ಕೊಕ್ಕಿನ ಮೇಲಿನದು ಕೊಂಬಿನಂಥ ಗಂಟು, ಇದು ನಿಜವಾದ ಹಲ್ಲು. ಹಲ್ಲಿಮರಿಗೆ ಎರಡಿರುತ್ತವೆ, ಸ್ವಲ್ಪ ದಿನದಲ್ಲೇ ಉದುರುತ್ತವೆ. ತಲೆ ಹೊರಹಾಕಿ ಗಂಟೆಗಟ್ಟಲೆ ಹಾಗೇ ಕೂತರೆ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಎಳೆಯಬಾರದು. ಉಳಿದ ಹಳದಿಯನ್ನು ಅದು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ, ಎಳೆದರೆ ಆ ಚೀಲ ಹರಿಯುತ್ತದೆ. ಅದೇ ಹಳದಿಯ ಬಲದಲ್ಲಿ ಮೊದಲೊಂದೆರಡು ದಿನ ಮರಿಗೆ ಊಟದ ಚಿಂತೆಯಿಲ್ಲ, ಎಲೆಯ ಮೇಲೆ ಚಿಮುಕಿಸಿದ ನೀರಿನ ಹನಿ ನೆಕ್ಕಿಕೊಂಡಿರುತ್ತದೆ. ಅಷ್ಟರೊಳಗೆ ಸಣ್ಣ ಗೆದ್ದಲೋ ಹಣ್ಣುನೊಣವೋ ಹೊಂದಿಸಿಟ್ಟುಕೊಂಡಿರಬೇಕು.