ಟೀ ಶರ್ಟ್ ಮುದ್ರಣ: ನಷ್ಟ ಆರಂಭವಾಗುವುದು ವಿನ್ಯಾಸದ ಫೈಲಿನಲ್ಲಿ

ಕಂಪನಿಗಳ ವಾರ್ಷಿಕೋತ್ಸವ, ಕಾಲೇಜುಗಳ ಕ್ರೀಡಾಕೂಟ, ನವೆಂಬರ್ 1ರ ರಾಜ್ಯೋತ್ಸವ, ಮ್ಯಾರಥಾನ್ ಓಟ, ಹೀಗೆ ಮುದ್ರಿತ ಟೀ ಶರ್ಟುಗಳಿಗೆ ವರ್ಷವಿಡೀ ಬೇಡಿಕೆಯಿದೆ. ತಿರುಪ್ಪೂರಿನಿಂದ ಖಾಲಿ ಅಂಗಿಗಳನ್ನು ತರಿಸಿಕೊಂಡು, ಸ್ಥಳೀಯವಾಗಿ ಮುದ್ರಿಸಿ ಒದಗಿಸುವ ಸಣ್ಣ ಘಟಕಗಳು ನಮ್ಮ ರಾಜ್ಯದ ಹಲವು ನಗರಗಳಲ್ಲಿ ಕಾರ್ಯನಿರ್ವಹಿಸುತ್ತಿವೆ. ಈ ವ್ಯವಹಾರದಲ್ಲಿ ಪೈಪೋಟಿ ಹೆಚ್ಚು, ಲಾಭದ ಪ್ರಮಾಣ ಕಡಿಮೆ. ಒಂದು ಆದೇಶದ ಸರಕು ತಿರಸ್ಕೃತವಾದರೆ ಹಲವು ಆದೇಶಗಳ ಗಳಿಕೆ ಅದರಲ್ಲಿಯೇ ಕರಗಿಹೋಗುತ್ತದೆ. ಹೊಸ ಯಂತ್ರ, ಉತ್ತಮ ಶಾಯಿ, ಅನುಭವಿ ಕೆಲಸಗಾರರು ಎಲ್ಲರೂ ಇದ್ದೂ ಸರಕು ಕೆಡುವುದುಂಟು. ಇಂತಹ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಮುದ್ರಣಕ್ಕೆಂದು ಬಂದ ವಿನ್ಯಾಸದ ಫೈಲಿನಲ್ಲಿ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಗ್ರಾಹಕರೊಬ್ಬರು 200 ಕಪ್ಪು ಟೀ ಶರ್ಟುಗಳಿಗೆ ಆದೇಶ ನೀಡಿ, ತಮ್ಮ ಸಂಸ್ಥೆಯ ಲಾಂಛನವನ್ನು ಮೊಬೈಲ್ ಮೂಲಕ ಕಳುಹಿಸುತ್ತಾರೆ. ಕಂಪ್ಯೂಟರ್ ನಿರ್ವಾಹಕರು ಲಾಂಛನದ ಸುತ್ತಲಿನ ಬಿಳಿಯನ್ನು ಅಳಿಸುತ್ತಾರೆ; ಆದರೆ ಅಕ್ಷರಗಳ ಒಳಗಿನ ಸಣ್ಣ ಕಣ್ಣುಗಳಲ್ಲಿ ಉಳಿದ ಬಿಳಿ ಅವರ ಗಮನಕ್ಕೆ ಬರುವುದಿಲ್ಲ. ಪರದೆಯ ಹಿನ್ನೆಲೆಯೂ ಬಿಳಿಯಾದ್ದರಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮುದ್ರಣವಾದ ಬಳಿಕ ಕಪ್ಪು ಬಟ್ಟೆಯ ಮೇಲೆ ಪ್ರತಿ ಅಕ್ಷರದ ಹೊಟ್ಟೆಯೂ ಬಿಳಿಯಾಗಿ ಎದ್ದು ತೋರುತ್ತದೆ. ಒಂದು ಅಂಗಿಯ ಅಸಲು 150 ರೂಪಾಯಿ ಎಂದಿಟ್ಟುಕೊಂಡರೂ 30,000 ರೂಪಾಯಿಯ ಬಟ್ಟೆ ಮಾರಾಟಕ್ಕೆ ಬಾರದಂತಾಗುತ್ತದೆ. ಶಾಖ ಕೊಟ್ಟು ಗಟ್ಟಿಗೊಳಿಸಿದ ಮುದ್ರಣವನ್ನು ಸಾಮಾನ್ಯ ತೊಳೆತದಿಂದ ತೆಗೆಯಲಾಗದು. ಮುದ್ರಣಕ್ಕೆ ಮೊದಲು ಎರಡು ನಿಮಿಷ ಪರಿಶೀಲಿಸಿದ್ದರೆ ಈ ನಷ್ಟ ತಪ್ಪುತ್ತಿತ್ತು.

ಚುಕ್ಕೆಗಳ ಚಿತ್ರ, ರೇಖೆಗಳ ಚಿತ್ರ

ಕಂಪ್ಯೂಟರಿನ ಚಿತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಪಿಕ್ಸೆಲ್ ಎಂಬ ಬಣ್ಣದ ಚುಕ್ಕೆಗಳಿಂದಾದುದು; ಕ್ಯಾಮೆರಾದ ಛಾಯಾಚಿತ್ರಗಳೂ ಜೆಪೆಗ್, ಪಿ.ಎನ್.ಜಿ. ಫೈಲುಗಳೂ ಈ ವರ್ಗಕ್ಕೆ ಸೇರುತ್ತವೆ. ಇವುಗಳನ್ನು ಹಿಗ್ಗಿಸಿದಷ್ಟೂ ಅಂಚುಗಳು ಮಸುಕಾಗುತ್ತವೆ. ಎರಡನೆಯದು ವೆಕ್ಟರ್. ಇದರಲ್ಲಿ ಆಕೃತಿಗಳು ಗಣಿತದ ರೇಖೆಗಳಾಗಿ ಉಳಿಯುವುದರಿಂದ ಎದೆಯ ಮೇಲಿನ 3 ಅಂಗುಲದ ಚಿಹ್ನೆಯನ್ನು ಬೆನ್ನಿನ 12 ಅಂಗುಲಕ್ಕೆ ಹಿಗ್ಗಿಸಿದರೂ ಅಂಚು ಹರಿತವಾಗಿಯೇ ಇರುತ್ತದೆ. 1987ರಲ್ಲಿ ಬಂದ ಇಲಸ್ಟ್ರೇಟರ್, 1989ರಲ್ಲಿ ಬಂದ ಕೋರೆಲ್‌ಡ್ರಾ, 2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್, ಈ ಮೂರೂ ವೆಕ್ಟರ್ ತಂತ್ರಾಂಶಗಳು. ಇವುಗಳಲ್ಲಿ ಇಂಕ್‌ಸ್ಕೇಪ್ ಉಚಿತವಾಗಿ ದೊರೆಯುವುದರಿಂದ ಸಣ್ಣ ಘಟಕಗಳಿಗೆ ಅನುಕೂಲಕರವಾಗಿದೆ.

ಜೆಪೆಗ್ ಚಿತ್ರವನ್ನು ಕೋರೆಲ್‌ಡ್ರಾದಲ್ಲಿ ತಂದು ಸಿ.ಡಿ.ಆರ್. ಅಥವಾ ಪಿ.ಡಿ.ಎಫ್. ಆಗಿ ಉಳಿಸಿದ ಮಾತ್ರಕ್ಕೆ ಅದು ವೆಕ್ಟರ್ ಆಗುವುದಿಲ್ಲ. ಫೈಲಿನ ಹೆಸರು ಬದಲಾದರೂ ಒಳಗಿರುವುದು ಅದೇ ಚುಕ್ಕೆಗಳ ಚಿತ್ರ. ವೈರ್‌ಫ್ರೇಮ್ ಅಥವಾ ಔಟ್‌ಲೈನ್ ನೋಟದಲ್ಲಿ ತೆರೆದರೆ ಸತ್ಯ ತಿಳಿಯುತ್ತದೆ: ಅಕ್ಷರಗಳ ರೇಖೆಗಳು ಕಂಡರೆ ಅದು ವೆಕ್ಟರ್, ಬರೀ ಒಂದು ಚೌಕಟ್ಟು ಕಂಡರೆ ಒಳಗೆ ಪಿಕ್ಸೆಲ್ ಚಿತ್ರವಿದೆ ಎಂದರ್ಥ. ಚಿತ್ರವನ್ನು ತಾನಾಗಿಯೇ ರೇಖೆಗಳಾಗಿಸುವ ಟ್ರೇಸ್ ಸೌಲಭ್ಯ ಮೇಲಿನ ಮೂರೂ ತಂತ್ರಾಂಶಗಳಲ್ಲಿದೆ. ಆದರೆ ಮಸುಕಾದ ಮೂಲದಿಂದ ಟ್ರೇಸ್ ಮಾಡಿದರೆ ಅಂಚುಗಳು ಡೊಂಕಾಗುವುದಲ್ಲದೆ, ಒಂದೇ ಕೆಂಪು ಬಣ್ಣ ಹತ್ತಾರು ಛಾಯೆಗಳಾಗಿ ಒಡೆಯುತ್ತದೆ. ಸರಳವಾದ ಲಾಂಛನವನ್ನು ಕೈಯಿಂದಲೇ ಹೊಸದಾಗಿ ರೇಖಿಸುವುದು ಉತ್ತಮ.

ಬಿಳಿಯೂ ಒಂದು ಶಾಯಿ

ಪಾರದರ್ಶಕ ಹಿನ್ನೆಲೆ ಎಂದರೆ ಶಾಯಿ ಬೀಳಬಾರದ ಜಾಗ. ಬಿಳಿ ಹಿನ್ನೆಲೆಯೇ ಬೇರೆ, ಖಾಲಿ ಹಿನ್ನೆಲೆಯೇ ಬೇರೆ. ಕಾಗದದ ಮುದ್ರಣದಲ್ಲಿ ಕಾಗದವೇ ಬಿಳಿಯಾದ್ದರಿಂದ ಈ ವ್ಯತ್ಯಾಸ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಬಣ್ಣದ ಬಟ್ಟೆಯಲ್ಲಿ ಅದೇ ಮುಖ್ಯವಾಗುತ್ತದೆ. ಜೆಪೆಗ್ ಮಾದರಿಯಲ್ಲಿ ಪಾರದರ್ಶಕತೆಗೆ ಅವಕಾಶವೇ ಇಲ್ಲ. ಪಿ.ಎನ್.ಜಿ., ಎಸ್.ವಿ.ಜಿ. ಮತ್ತು ಪಿ.ಡಿ.ಎಫ್. ಫೈಲುಗಳಲ್ಲಿ ಅವಕಾಶವಿದೆ. ಆದರೂ ವೆಕ್ಟರ್ ಫೈಲಿನಲ್ಲಿ ಯಾರೋ ಹಾಕಿಟ್ಟ ಬಿಳಿ ಆಯತ ಹಿಂದೆ ಅಡಗಿರಬಹುದು. ಇದನ್ನು ಪತ್ತೆಹಚ್ಚಲು ಅಂಗಿಯ ಬಣ್ಣದ ಒಂದು ದೊಡ್ಡ ಆಯತವನ್ನು ರಚಿಸಿ ಎಲ್ಲಕ್ಕಿಂತ ಕೆಳಗಿನ ಪದರದಲ್ಲಿಡಬೇಕು. ಉಳಿದ ಬಿಳಿಯೆಲ್ಲವೂ ಕೂಡಲೇ ಗೋಚರಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಆಯತವನ್ನು ಅಳಿಸಲು ಮರೆಯಬಾರದು.

ವಿನ್ಯಾಸದಲ್ಲಿ ಬಿಳಿ ನಿಜವಾಗಿಯೂ ಬೇಕಾದ ಜಾಗವೂ ಇರುತ್ತದೆ. ಎಲ್ಲಿ ಬಿಳಿ ಶಾಯಿ, ಎಲ್ಲಿ ಬಟ್ಟೆಯ ಬಣ್ಣ ಎಂಬುದನ್ನು ಗ್ರಾಹಕರಿಂದಲೇ ನಿರ್ಧರಿಸಿಕೊಳ್ಳಬೇಕು. ಕಡು ಬಣ್ಣದ ಬಟ್ಟೆಗೆ ಸ್ಕ್ರೀನ್ ಮುದ್ರಣ ಮಾಡುವಾಗ ಇತರ ಬಣ್ಣಗಳು ಮಂಕಾಗದಂತೆ ಅಡಿಯಲ್ಲಿ ಬಿಳಿಯ ತಳಪದರ ಹಾಕುವುದು ವಾಡಿಕೆ. ಈ ತಳಪದರವನ್ನು ಮೇಲಿನ ಬಣ್ಣಕ್ಕಿಂತ ಅರ್ಧದಿಂದ ಒಂದು ಪಾಯಿಂಟ್‌ನಷ್ಟು ಒಳಕ್ಕೆ ಕುಗ್ಗಿಸದಿದ್ದರೆ ಅಂಚಿನಲ್ಲಿ ಬಿಳಿ ಇಣುಕುತ್ತದೆ.

ಫಿಲ್ಮಿನ ಮೇಲೆ ಮುದ್ರಿಸಿ ಶಾಖದಿಂದ ಅಂಗಿಗೆ ವರ್ಗಾಯಿಸುವ ಡಿ.ಟಿ.ಎಫ್. ವಿಧಾನದಲ್ಲಿ ಬಣ್ಣದ ಜೊತೆಗಿನ ಬಿಳಿ ಪದರವನ್ನು ತಂತ್ರಾಂಶವೇ ಸೇರಿಸುತ್ತದೆ. ಇಲ್ಲಿ ಅರೆಪಾರದರ್ಶಕ ಅಂಚುಗಳು ತೊಂದರೆ ಕೊಡುತ್ತವೆ. ಮೃದುವಾದ ನೆರಳು, ಹೊಳಪಿನ ವಲಯ ಮುಂತಾದವು ಪರದೆಯ ಮೇಲೆ ಸೊಗಸಾಗಿ ಕಂಡರೂ ಬಟ್ಟೆಯ ಮೇಲೆ ಬೂದು ಬಿಳುಪಿನ ಕಲೆಯಂತೆ ಕಾಣಬಹುದು. ಅಂಚುಗಳನ್ನು ಖಚಿತವಾಗಿ ಕತ್ತರಿಸಿದಂತೆ ಇಡುವುದು ಕ್ಷೇಮ. ಈ ವಿಧಾನಕ್ಕೆ ಪಿ.ಎನ್.ಜಿ. ಕೊಡುವುದಾದರೆ ಮುದ್ರಣದ ನಿಜ ಅಳತೆಯಲ್ಲಿ ಅಂಗುಲಕ್ಕೆ 300 ಪಿಕ್ಸೆಲ್ ಇರಬೇಕು. ಅಂದರೆ 10 ಅಂಗುಲ ಅಗಲದ ಚಿತ್ರಕ್ಕೆ 3,000 ಪಿಕ್ಸೆಲ್.

ಕನ್ನಡ ಅಕ್ಷರಗಳಿಗೆ ವಿಶೇಷ ಎಚ್ಚರಿಕೆ

ಕನ್ನಡದ ವಿನ್ಯಾಸಗಳಲ್ಲಿ ಮೂರು ತೊಡಕುಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಯೂನಿಕೋಡ್‌ಗಿಂತ ಭಿನ್ನವಾದ ಸಂಕೇತಗಳನ್ನು ಬಳಸುತ್ತವೆ. ಅದೇ ಅಕ್ಷರಶೈಲಿ ಮುದ್ರಕರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಯೂನಿಕೋಡ್ ಬಳಸಿದಾಗಲೂ, ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಸಕ್ರಿಯಗೊಳಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಆದ್ದರಿಂದ ಫೈಲು ಕಳುಹಿಸುವ ಮುನ್ನ ಅಕ್ಷರಗಳನ್ನು ಕರ್ವ್ ಅಥವಾ ಔಟ್‌ಲೈನ್ ಆಗಿ ಪರಿವರ್ತಿಸುವುದು ಕಡ್ಡಾಯ. ತಿದ್ದುಪಡಿಗೆಂದು ಮೂಲ ಪ್ರತಿಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.

ಎರಡು, ಕರ್ವ್ ಮಾಡಿದ ಬಳಿಕ ಒತ್ತಕ್ಷರ ಅಥವಾ ಸ್ವರಚಿಹ್ನೆ ಮೂಲ ಅಕ್ಷರದ ಮೇಲೆ ಹಾಯ್ದ ಜಾಗದಲ್ಲಿ ಕೆಲವೊಮ್ಮೆ ರಂಧ್ರ ಉಂಟಾಗುತ್ತದೆ. ಅಲ್ಲಿ ಬಟ್ಟೆ ಇಣುಕುತ್ತದೆ. ವೆಲ್ಡ್ ಅಥವಾ ಯೂನಿಯನ್ ಆಜ್ಞೆಯಿಂದ ಎರಡೂ ಭಾಗಗಳನ್ನು ಒಂದಾಗಿಸಿದರೆ ಇದು ಸರಿಹೋಗುತ್ತದೆ. ಮೂರು, ಸಣ್ಣ ಗಾತ್ರದಲ್ಲಿ ಅಕ್ಷರಗಳ ಕಣ್ಣುಗಳು ಶಾಯಿಯಿಂದ ಮುಚ್ಚಿಹೋಗುತ್ತವೆ. ಸ್ಕ್ರೀನ್ ಮುದ್ರಣದಲ್ಲಿ ಗೆರೆಯ ದಪ್ಪ ಒಂದು ಪಾಯಿಂಟ್‌ಗಿಂತ ಕಡಿಮೆಯಿರಬಾರದು. ಶಾಯಿಯ ನಡುವೆ ಖಾಲಿ ಬಿಡುವ ಗೆರೆ ಅದಕ್ಕಿಂತಲೂ ತುಸು ಅಗಲವಾಗಿರಬೇಕು.

ಬಣ್ಣ ಕಡಿಮೆಯಾದರೆ ವೆಚ್ಚವೂ ಕಡಿಮೆ

ಸ್ಕ್ರೀನ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದು ಫಿಲ್ಮ್, ಒಂದು ಸ್ಕ್ರೀನ್ ಬೇಕು. ಪಾರದರ್ಶಕ ಹಿನ್ನೆಲೆಯ ಮರ್ಮವನ್ನು ಅರಿತವರು ಬಟ್ಟೆಯನ್ನೇ ಒಂದು ಬಣ್ಣವಾಗಿ ಬಳಸಿಕೊಳ್ಳುತ್ತಾರೆ. ರಾಜ್ಯೋತ್ಸವದ ಅಂಗಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅರಿಶಿನ ಮತ್ತು ಕುಂಕುಮ ವರ್ಣದ ವಿನ್ಯಾಸವನ್ನು ಬಿಳಿ ಅಂಗಿಯ ಮೇಲೆ ಮುದ್ರಿಸಲು ಎರಡು ಸ್ಕ್ರೀನ್ ಬೇಕು. ಕಪ್ಪು ಅಂಗಿಗಾದರೆ ತಳಪದರವೂ ಸೇರಿ ಮೂರು. ಹಳದಿ ಅಂಗಿಯನ್ನೇ ಆರಿಸಿಕೊಂಡು ಹಳದಿಯ ಭಾಗಗಳನ್ನು ಖಾಲಿ ಬಿಟ್ಟರೆ ಕೆಂಪಿನ ಒಂದೇ ಸ್ಕ್ರೀನ್ ಸಾಕು. ಬಣ್ಣಗಳು ಒಂದಕ್ಕೊಂದು ಸರಿಯಾಗಿ ಕೂಡದೆ ಸರಿದುಹೋಗುವ ಭಯವೂ ಇರುವುದಿಲ್ಲ. ಗ್ರಾಹಕರಿಗೆ ಇಂತಹ ಸಲಹೆ ನೀಡಬಲ್ಲ ಮುದ್ರಕರು ದರ ಇಳಿಸದೆಯೂ ಆದೇಶ ಪಡೆಯಬಲ್ಲರು.

ಕಳುಹಿಸುವಾಗ, ಕಾಪಿಡುವಾಗ

ಪಾರದರ್ಶಕವಾಗಿ ಸಿದ್ಧಪಡಿಸಿದ ಪಿ.ಎನ್.ಜಿ. ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದು ಕುಗ್ಗಿ, ಪಾರದರ್ಶಕತೆಯನ್ನೂ ಕಳೆದುಕೊಳ್ಳುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಇ-ಮೇಲ್ ಮೂಲಕ ಕಳುಹಿಸಬೇಕು.

ತಮ್ಮದೇ ಲಾಂಛನದ ವೆಕ್ಟರ್ ಪ್ರತಿ ತಮ್ಮಲ್ಲಿಲ್ಲದೆ, ಪ್ರತಿ ಬಾರಿಯೂ ಹಳೆಯ ಮುದ್ರಕರನ್ನು ಅಂಗಲಾಚುವ ವರ್ತಕರು ಕಡಿಮೆಯೇನಿಲ್ಲ. ಕಲಾವಿದರಿಗೆ ಹಣ ಪಾವತಿಸುವಾಗಲೇ ಮೂಲ ಫೈಲನ್ನು ಪಡೆದುಕೊಳ್ಳುವುದು ಜಾಣತನ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕೆಂಬುದನ್ನೂ ಗಮನಿಸಬೇಕು. ಹಾಗೆಯೇ ಅನ್ಯರ ಲಾಂಛನ, ಚಲನಚಿತ್ರದ ಚಿತ್ರ ಮುಂತಾದವುಗಳನ್ನು ಗ್ರಾಹಕರು ತಂದುಕೊಟ್ಟರೂ, ಅನುಮತಿಯ ಪತ್ರವಿಲ್ಲದೆ ಮುದ್ರಿಸುವುದು ಮುದ್ರಕರಿಗೂ ಅಪಾಯಕಾರಿ.

ಮುದ್ರಣಕ್ಕೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ಫೈಲು ನಿಜವಾಗಿಯೂ ವೆಕ್ಟರ್ ಆಗಿದೆಯೇ? ಔಟ್‌ಲೈನ್ ನೋಟದಲ್ಲಿ ನೋಡಲಾಗಿದೆಯೇ?
2. ಅಂಗಿಯ ಬಣ್ಣವನ್ನು ಹಿಂದೆ ಇಟ್ಟು ಉಳಿದ ಬಿಳಿಯನ್ನು ಪರೀಕ್ಷಿಸಲಾಗಿದೆಯೇ?
3. ಅಕ್ಷರಗಳೆಲ್ಲ ಕರ್ವ್ ಆಗಿವೆಯೇ? ಒತ್ತಕ್ಷರಗಳಲ್ಲಿ ರಂಧ್ರಗಳಿಲ್ಲವಷ್ಟೆ?
4. ಬಣ್ಣಗಳ ಸಂಖ್ಯೆ ದರಪಟ್ಟಿಗೆ ಹೊಂದುತ್ತದೆಯೇ? ಪ್ಯಾಂಟೋನ್ ಸಂಖ್ಯೆ ನಮೂದಾಗಿದೆಯೇ?
5. ಮುದ್ರಣದ ಅಳತೆ ಆದೇಶದಲ್ಲಿರುವ ಅತಿ ಚಿಕ್ಕ ಅಂಗಿಗೂ ಸರಿಹೊಂದುತ್ತದೆಯೇ?
6. ಅದೇ ಬಣ್ಣದ ಬಟ್ಟೆಯ ಮೇಲೆ ಮುದ್ರಿಸಿದ ಒಂದು ಮಾದರಿಗೆ ಗ್ರಾಹಕರ ಸಹಿ ಪಡೆಯಲಾಗಿದೆಯೇ?

ಈ ಪಟ್ಟಿಯನ್ನು ಕಂಪ್ಯೂಟರಿನ ಬಳಿ ಗೋಡೆಗೆ ಅಂಟಿಸಿಡಲು ಯಾವ ಖರ್ಚೂ ಇಲ್ಲ. ಆರಕ್ಕೂ ಹೌದೆಂಬ ಉತ್ತರ ದೊರೆತ ಮೇಲೆಯೇ ಫಿಲ್ಮ್ ತೆಗೆಯುವ ಶಿಸ್ತನ್ನು ಘಟಕದಲ್ಲಿ ರೂಢಿಸಿದರೆ, ತಿರಸ್ಕೃತ ಸರಕಿನ ಗಂಟು ಮೂಲೆಯಲ್ಲಿ ಬೆಳೆಯುವುದು ಖಂಡಿತ ಕಡಿಮೆಯಾಗುತ್ತದೆ.