ಹಾಜರಿ ಪಟ್ಟಿಯಲ್ಲಿದೆ ಈಜಿಪ್ಟ್

ಪ್ರಶ್ನೆ: ಪ್ರಾಚೀನ ಈಜಿಪ್ಟ್ ಕುರಿತು ಕಾದಂಬರಿ ಬರೆಯುವ ಆಸೆ. ರಾಜರ ವಿಷಯ ಬೇಕಾದಷ್ಟು ಸಿಗುತ್ತದೆ. ಸಾಮಾನ್ಯರ ದಿನಚರಿ ತಿಳಿಯುವುದು ಹೇಗೆ?

ಉತ್ತರ: ದೇರ್ ಎಲ್-ಮದೀನಾದಿಂದ ಶುರುಮಾಡಿ. ಇಂದಿನ ಲಕ್ಸರ್ ಎದುರಿಗೆ, ನೈಲ್ ನದಿಯ ಪಶ್ಚಿಮ ದಡದಲ್ಲಿರುವ ಈ ಊರಿನಲ್ಲಿ ರಾಜರ ಗೋರಿಗಳನ್ನು ಕೊರೆದ ಕುಶಲಕರ್ಮಿಗಳು ಸಂಸಾರ ಸಮೇತ ನೆಲೆಸಿದ್ದರು. ಸುಣ್ಣಕಲ್ಲಿನ ಚೂರು, ಮಡಕೆಯ ಬೋಕಿಗಳ ಮೇಲೆ ಅವರು ಸಾಲದ ಲೆಕ್ಕ, ಪತ್ರ, ವ್ಯಾಜ್ಯ, ಅಗಸನಿಗೆ ಕೊಟ್ಟ ಬಟ್ಟೆಯ ಪಟ್ಟಿ ಎಲ್ಲವನ್ನೂ ಬರೆದಿಟ್ಟಿದ್ದಾರೆ. ಅಂಥ ಸಾವಿರಾರು ಚೂರುಗಳು ದೊರೆತಿವೆ.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಕಲ್ಲಿನ ಮೇಲೆ ಎರಡನೇ ರಾಮ್ಸೆಸ್ ಆಳ್ವಿಕೆಯ 40ನೇ ವರ್ಷದ ಹಾಜರಿ ಪಟ್ಟಿಯಿದೆ. ಕೆಲಸಕ್ಕೆ ಬಾರದವರ ಹೆಸರಿನ ಜತೆಗೆ ಕಾರಣವೂ ಉಂಟು: ಒಬ್ಬನಿಗೆ ಚೇಳು ಕಡಿದಿದೆ, ಇನ್ನೊಬ್ಬನಿಗೆ ಕಣ್ಣುಬೇನೆ, ಒಬ್ಬ ಬಿಯರ್ ತಯಾರಿಯಲ್ಲಿದ್ದಾನೆ, ಮತ್ತೊಬ್ಬ ತಾಯಿಯ ಶವಕ್ಕೆ ಬಟ್ಟೆ ಸುತ್ತುತ್ತಿದ್ದಾನೆ. ಪಾತ್ರಗಳು ಇಲ್ಲೇ ಸಿದ್ಧವಾಗಿವೆ.

ಸಂಬಳ ಧಾನ್ಯದಲ್ಲಿ: ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ 4 ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ. ಗೋಧಿ ರೊಟ್ಟಿಗೆ, ಬಾರ್ಲಿ ಬಿಯರಿಗೆ. ಮೂರನೇ ರಾಮ್ಸೆಸ್‌ನ 29ನೇ ವರ್ಷದಲ್ಲಿ ಧಾನ್ಯ ಬಟವಾಡೆ ತಡವಾದಾಗ ಇವರು ಹಸಿವೆಂದು ಕೂಗುತ್ತ ಕೆಲಸ ನಿಲ್ಲಿಸಿ ದೇವಾಲಯಗಳ ಬಳಿ ಧರಣಿ ಕೂತರು.

ಎಚ್ಚರ: ನಾಣ್ಯ ಎಣಿಸಿಕೊಡುವ ದೃಶ್ಯ ಬೇಡ, ಬೆಲೆ ಕಟ್ಟುತ್ತಿದ್ದುದು ತಾಮ್ರದ ತೂಕದಲ್ಲಿ. ಟೊಮೇಟೊ, ಮೆಣಸಿನಕಾಯಿ ಅಡುಗೆಮನೆಗೆ ಬಾರದಿರಲಿ; ಈರುಳ್ಳಿ, ಮೀನು, ಖರ್ಜೂರ ಧಾರಾಳವಾಗಿ ಬರಲಿ. ಎಲ್ಲಕ್ಕಿಂತ ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ಎರಡನೇ ರಾಮ್ಸೆಸ್ ಪಟ್ಟಕ್ಕೆ ಬಂದಾಗಲೇ ಗಿಜಾದ ಮಹಾ ಪಿರಮಿಡ್ಡಿಗೆ ಸಾವಿರದ ಇನ್ನೂರು ವರ್ಷ ದಾಟಿತ್ತು.